ಗಂಡ ಟೆಕ್ಸಾಸ್, ಹೆಂಡತಿ ಕ್ಯಾಲಿಫೋರ್ನಿಯಾ: 2025ರ ರಿಟರ್ನ್ ತುಂಬೋದು ಹೇಗೆ?

ಇರ್ವಿಂಗ್ ಬಾಡಿಗೆಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನೂ ಮನೆಯವಳೂ ಇಬ್ಬರೂ ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೇವೆ. ನಾನಿರೋದು ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ, ಅವಳಿರೋದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. 2025 ಪೂರ್ತಿ ಹೀಗೇ ಕಳೆದಿದೆ. ಮಕ್ಕಳಿಲ್ಲ, ಸ್ವಂತ ಮನೆ ಇಲ್ಲ.

ನನ್ನ ಸಂಬಳ 1,30,000 ಡಾಲರ್, ಅವಳದ್ದು 1,60,000. ಅವಳ ಡಬ್ಲ್ಯು-2ನ (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ) 16ನೇ ಬಾಕ್ಸ್‌ನಲ್ಲಿ ಅಷ್ಟೂ ಕ್ಯಾಲಿಫೋರ್ನಿಯಾ ಎಂದಿದೆ. ನನ್ನದರಲ್ಲಿ ರಾಜ್ಯದ ಬಾಕ್ಸ್ ಖಾಲಿ. ವರ್ಷದಲ್ಲಿ ಬಿಡಿಬಿಡಿಯಾಗಿ 30 ಕೆಲಸದ ದಿನ ನಾನು ಸನ್ನಿವೇಲ್‌ನಿಂದ ಲಾಗಿನ್ ಆಗಿದ್ದೇನೆ. ಮದುವೆಗೆ ಮುಂಚೆ ಮೈಸೂರಿನಲ್ಲಿ ಮಾಡಿಸಿದ್ದ ಎನ್‌ಆರ್‌ಒ (ಅನಿವಾಸಿ ಭಾರತೀಯರ ಖಾತೆ) ಎಫ್‌ಡಿಯಿಂದ ವರ್ಷಕ್ಕೆ 3,000 ಡಾಲರ್‌ನಷ್ಟು ಬಡ್ಡಿ ಬರುತ್ತದೆ, ಟಿಡಿಎಸ್ ಕಟ್ ಆಗಿದೆ.

ಕೇಳಬೇಕಾದ್ದು ಮೂರು. ಫೆಡರಲ್‌ಗೆ (ದೇಶದ ಕೇಂದ್ರ ಸರಕಾರದ ತೆರಿಗೆಗೆ) ಜಂಟಿಯಾಗಿ ಹಾಕಬಹುದಾ? ಕ್ಯಾಲಿಫೋರ್ನಿಯಾಕ್ಕೆ ಅವಳೊಬ್ಬಳೇ ಹಾಕಿದರೆ ಸಾಕಾ? ಟೆಕ್ಸಾಸ್‌ನಲ್ಲಿ ಇನ್‌ಕಮ್ ಟ್ಯಾಕ್ಸೇ ಇಲ್ಲವಲ್ಲ, ನನ್ನ ಸಂಬಳಕ್ಕೂ ಕ್ಯಾಲಿಫೋರ್ನಿಯಾಕ್ಕೂ ಏನೂ ಸಂಬಂಧ ಇಲ್ಲ ತಾನೇ?

---

ಖಾತೆ ಕಿರ್ದಿ

ಮೊದಲನೆಯದಕ್ಕೆ ಹೌದು. ಎರಡಕ್ಕೂ ಮೂರಕ್ಕೂ ನೀವಂದುಕೊಂಡ ಉತ್ತರ ಇಲ್ಲ.

ಫೆಡರಲ್‌ನವರು ನೋಡೋದು ಡಿಸೆಂಬರ್ 31ಕ್ಕೆ ಮದುವೆಯಾಗಿದ್ದಿರಾ ಅನ್ನೋದನ್ನು ಮಾತ್ರ. ಒಂದೇ ಸೂರಿನಡಿ ಇರಬೇಕು ಅನ್ನೋ ಷರತ್ತು ಎಲ್ಲೂ ಇಲ್ಲ. ಜಂಟಿ 1040 (ಫೆಡರಲ್ ರಿಟರ್ನ್ ಫಾರ್ಮ್) ಹಾಕಿ, 2025ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ನೇರವಾಗಿ ಕಳೆಯುವ ಮೊತ್ತ, 31,500 ಡಾಲರ್. "ನಾವು ಬೇರೆ ಬೇರೆ ಇದ್ದೇವೆ, ಹೆಡ್ ಆಫ್ ಹೌಸ್‌ಹೋಲ್ಡ್ ಹಾಕೋಣ" ಅಂತ ಕೆಲವರು ಹೋಗ್ತಾರೆ. ಅದು ಅವಲಂಬಿತರನ್ನು ಒಬ್ಬರೇ ಸಾಕುವವರ ಸ್ಟೇಟಸ್, ಮಕ್ಕಳಿಲ್ಲದ ನಿಮ್ಮಂಥವರಿಗೆ ಸಿಗೋದಿಲ್ಲ.

ಇನ್ನು ಕ್ಯಾಲಿಫೋರ್ನಿಯಾ. ಅಲ್ಲಿನ ಮೂಲ ನಿಯಮ: ಫೆಡರಲ್‌ಗೆ ಯಾವ ಸ್ಟೇಟಸ್ ಹಾಕಿದಿರೋ ಇಲ್ಲೂ ಅದೇ. ಇದಕ್ಕೊಂದು ವಿನಾಯಿತಿ ಇದೆ. ಗಂಡಹೆಂಡಿರಲ್ಲಿ ಒಬ್ಬರು ವರ್ಷ ಪೂರ್ತಿ ಹೊರರಾಜ್ಯದವರಾಗಿದ್ದು ಅವರಿಗೆ ಕ್ಯಾಲಿಫೋರ್ನಿಯಾ ಮೂಲದ ಆದಾಯ ಒಂದು ಡಾಲರೂ ಇರದಿದ್ದರೆ ರಾಜ್ಯಕ್ಕೆ ಬೇರೆ ಬೇರೆ ಹಾಕಬಹುದು. ಎಲ್ಲರೂ ಇಷ್ಟು ಓದಿ ನಿಲ್ಲಿಸಿಬಿಡ್ತಾರೆ. ಅದರ ಕೆಳಗೇ ಇರುವ ಎಚ್ಚರಿಕೆಯ ಸಾಲನ್ನು ಓದಬೇಕು. ಕ್ಯಾಲಿಫೋರ್ನಿಯಾದಲ್ಲಿ ದುಡಿಯುವವರ ಡೊಮಿಸೈಲ್ (ಕಾಯಂ ಮನೆ) ಕಮ್ಯುನಿಟಿ ಪ್ರಾಪರ್ಟಿ ರಾಜ್ಯದ್ದಾಗಿದ್ದರೆ (ಮದುವೆಯಾದ ಮೇಲೆ ದುಡಿದದ್ದು ಇಬ್ಬರ ಜಂಟಿ ಆಸ್ತಿ ಎನ್ನುವ ರಾಜ್ಯ) ಆ ಸಂಬಳ ಇಬ್ಬರಿಗೂ ಅರ್ಧರ್ಧ. ಅಂದರೆ ಹೊರಗಿರುವವರಿಗೂ ಕ್ಯಾಲಿಫೋರ್ನಿಯಾ ಆದಾಯ ಬಂದ ಹಾಗಾಯ್ತು, ವಿನಾಯಿತಿ ಅಲ್ಲಿಗೇ ಮುಗೀತು.

ಕಮ್ಯುನಿಟಿ ಪ್ರಾಪರ್ಟಿ ರಾಜ್ಯಗಳು ಒಂಬತ್ತು: ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್, ಅರಿಝೋನಾ, ನೆವಾಡಾ, ನ್ಯೂ ಮೆಕ್ಸಿಕೊ, ಐಡಹೊ, ಲೂಸಿಯಾನಾ, ವಿಸ್ಕಾನ್ಸಿನ್. ನಿಮ್ಮ ದುರದೃಷ್ಟಕ್ಕೆ ಇಬ್ಬರೂ ಈ ಪಟ್ಟಿಯಲ್ಲೇ ಇದ್ದೀರಿ. ಇಬ್ಬರ ಡೊಮಿಸೈಲೂ ಈಗಿರುವ ರಾಜ್ಯವೇ ಎಂದು ಹಿಡಿದರೆ ಲೆಕ್ಕ ಹೀಗೆ:

ಅವರ 1,60,000ದಲ್ಲಿ 80,000 ಅವರದ್ದು, 80,000 ನಿಮ್ಮದು. ನಿಮ್ಮ 1,30,000ದಲ್ಲಿ 65,000 ನಿಮ್ಮದು, 65,000 ಅವರದ್ದು. ಅವರು ಕ್ಯಾಲಿಫೋರ್ನಿಯಾ ನಿವಾಸಿ, ಹಾಗಾಗಿ ಅವರ ಪಾಲಿಗೆ ಬಂದದ್ದು ಎಲ್ಲಿಂದಲೇ ಬಂದಿರಲಿ, ಅಷ್ಟಕ್ಕೂ ಅಲ್ಲಿ ತೆರಿಗೆ: 80,000 ಜೊತೆಗೆ 65,000. ನೀವು ನಿವಾಸಿ ಅಲ್ಲ, ಕ್ಯಾಲಿಫೋರ್ನಿಯಾ ಮೂಲದ್ದಕ್ಕೆ ಮಾತ್ರ ತೆರಿಗೆ: ಅವರ ಸಂಬಳದಲ್ಲಿ ನಿಮ್ಮ ಪಾಲಾದ 80,000. ಒಟ್ಟು 2,25,000.

ಅವರ ಡಬ್ಲ್ಯು-2 ಹೇಳೋದು 1,60,000, ಕ್ಯಾಲಿಫೋರ್ನಿಯಾ ಕೇಳೋದು 2,25,000. ನಡುವಿನ 65,000 ಟೆಕ್ಸಾಸ್‌ನಲ್ಲಿ ಕೂತು ದುಡಿದ ನಿಮ್ಮ ಸಂಬಳದ ಅರ್ಧ. ಟೆಕ್ಸಾಸ್‌ನಲ್ಲಿ ತೆರಿಗೆ ಕಟ್ಟೇ ಇಲ್ಲವಲ್ಲ, ಹಾಗಾಗಿ ಬೇರೆ ರಾಜ್ಯಕ್ಕೆ ಕಟ್ಟಿದ್ದನ್ನು ವಜಾ ಹಾಕಿಕೊಳ್ಳುವ ಕ್ರೆಡಿಟ್ಟೂ ಇಲ್ಲ.

ತುಂಬಬೇಕಾದ್ದು ಜಂಟಿ 540 ಎನ್‌ಆರ್, ಒಬ್ಬರಾದರೂ ಹೊರರಾಜ್ಯದವರಾದರೆ ಹಾಕುವ ಕ್ಯಾಲಿಫೋರ್ನಿಯಾ ಫಾರ್ಮ್. ಇಬ್ಬರೂ ಪೂರ್ತಿ ನಿವಾಸಿಗಳಾಗಿದ್ದರೆ ಎಷ್ಟು ತೆರಿಗೆ ಬರುತ್ತಿತ್ತು ಅಂತ ಮೊದಲು ಲೆಕ್ಕ ಹಾಕಿ, ಅದರಿಂದ ಸರಾಸರಿ ದರ ತೆಗೆದು, ಆ ದರವನ್ನು ಕ್ಯಾಲಿಫೋರ್ನಿಯಾ ಪಾಲಿನ ಮೇಲೆ ಹಾಕ್ತಾರೆ. ನಿಮ್ಮ 2,90,000ಕ್ಕೆ ಆ ದರ ಸುಮಾರು ಆರೂಮುಕ್ಕಾಲು ಪರ್ಸೆಂಟ್. ಬರೀ ಸಂಬಳದ ಲೆಕ್ಕ ಹಿಡಿದರೂ ಆ 65,000ದಿಂದ ಬೀಳುವ ಹೆಚ್ಚುವರಿ 4,200 ಡಾಲರ್ ಆಸುಪಾಸು.

---

ಶೆಡ್ಯೂಲ್ ಸಿಎ

ಮೇಲಿನವರು ಹೇಳಿದ್ದು ಸರಿ. ಇನ್ನು ಎರಡು ಬಾಕಿ ಇವೆ.

30 ದಿನದ ಲಾಗಿನ್: ಕ್ಯಾಲಿಫೋರ್ನಿಯಾ ನೆಲದ ಮೇಲೆ ಕೂತು ಮಾಡಿದ ಕೆಲಸ ಕ್ಯಾಲಿಫೋರ್ನಿಯಾ ಮೂಲದ ಆದಾಯ. ಕಂಪನಿ ಎಲ್ಲಿದೆ, ಸಂಬಳ ಯಾವ ಖಾತೆಗೆ ಬಿತ್ತು ಅನ್ನೋದು ಲೆಕ್ಕಕ್ಕಿಲ್ಲ. ರಜೆ, ಶನಿವಾರ, ಭಾನುವಾರ ಕಳೆದು ವರ್ಷಕ್ಕೆ 240 ಕೆಲಸದ ದಿನ ಅಂತ ಇಟ್ಟುಕೊಂಡರೆ 30 ಅಂದರೆ 12.5 ಪರ್ಸೆಂಟ್. ಇದನ್ನು ಪೂರ್ತಿ 1,30,000ಕ್ಕೆ ಹಾಕಬೇಡಿ. ಅದರಲ್ಲಿ ಅರ್ಧ ಆಗಲೇ ಹೆಂಡತಿಯ ಪಾಲಾಗಿ ಒಳಗೆ ಹೋಗಿದೆ. ನಿಮ್ಮ ಪಾಲಿನ 65,000ಕ್ಕೆ ಹಾಕಿ: 8,125. ಇದನ್ನು ಎರಡು ಸಲ ಎಣಿಸಿ ಹೆಚ್ಚು ಕಟ್ಟುವವರೂ ಇದ್ದಾರೆ, ನೋಟಿಸು ಬರೋದು ಕಮ್ಮಿ ಕಟ್ಟಿದವರಿಗೆ ಮಾತ್ರ ಆದ್ದರಿಂದ ಇವರಿಗೆ ಗೊತ್ತೇ ಆಗೋದಿಲ್ಲ.

ಮೈಸೂರಿನ ಎಫ್‌ಡಿ: ಇಲ್ಲಿ ಎರಡು ರಾಜ್ಯಗಳ ಕಾನೂನು ಬೇರೆ. ಮದುವೆಗೆ ಮುಂಚಿನ ದುಡ್ಡು ಎರಡೂ ಕಡೆ ನಿಮ್ಮೊಬ್ಬರದ್ದೇ. ಆದರೆ ಅದರ ಬಡ್ಡಿ? ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಬಡ್ಡಿಯೂ ನಿಮ್ಮೊಬ್ಬರದ್ದು. ಟೆಕ್ಸಾಸ್ ಕಾನೂನಿನಲ್ಲಿ ಮದುವೆಯಾದ ಮೇಲೆ ಬಂದ ಬಡ್ಡಿ ಕಮ್ಯುನಿಟಿ. ನಿಮ್ಮ ಡೊಮಿಸೈಲ್ ಟೆಕ್ಸಾಸ್ ಆದ್ದರಿಂದ 3,000ದಲ್ಲಿ 1,500 ಅವರದ್ದಾಯ್ತು, ಅದು ಕ್ಯಾಲಿಫೋರ್ನಿಯಾದೊಳಕ್ಕೆ. ಭಾರತದಲ್ಲಿ ಕಟ್ಟಿದ ಟಿಡಿಎಸ್‌ಗೆ ಫೆಡರಲ್‌ನಲ್ಲಿ ಕ್ರೆಡಿಟ್ ಉಂಟು, ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ವಿದೇಶಿ ತೆರಿಗೆಗೆ ಆ ರಾಜ್ಯ ಕ್ರೆಡಿಟ್ಟೇ ಕೊಡೋದಿಲ್ಲ.

ಎಲ್ಲ ಸೇರಿ: ಒಟ್ಟು ಆದಾಯ 2,93,000, ಕ್ಯಾಲಿಫೋರ್ನಿಯಾ ಪಾಲು 2,25,000 + 8,125 + 1,500 = 2,34,625. ತೆರಿಗೆ 15,000 ದಾಟುತ್ತದೆ, 15,300ರ ಹತ್ತಿರ.

ಫೆಡರಲ್ ಕ್ರೆಡಿಟ್ಟಿನ ವಿಷಯದಲ್ಲೂ ಒಂದು ಮಾತು. ನಮ್ಮ ಬ್ಯಾಂಕುಗಳು 1099 (ಬಡ್ಡಿ ತೋರಿಸುವ ಅಮೆರಿಕದ ಪತ್ರ) ಕೊಡೋದಿಲ್ಲ, ಹಾಗಾಗಿ ಸಣ್ಣ ಮೊತ್ತವಾದರೂ ವಿದೇಶಿ ತೆರಿಗೆ ಕ್ರೆಡಿಟ್ಟಿನ ಫಾರ್ಮ್ 1116 ತುಂಬಲೇಬೇಕು. ಎನ್‌ಆರ್‌ಒ ಮೇಲೆ ಬ್ಯಾಂಕ್ 30 ಪರ್ಸೆಂಟೂ ಸೆಸ್ಸೂ ಹಿಡಿದಿರುತ್ತದೆ. ಎರಡು ದೇಶಗಳ ಒಪ್ಪಂದದಲ್ಲಿ ಇಂಥ ಬಡ್ಡಿಗೆ ಮಿತಿ 15. ಮಿತಿಗಿಂತ ಹೆಚ್ಚು ಹಿಡಿದದ್ದನ್ನು ಭಾರತದಲ್ಲಿ ರಿಟರ್ನ್ ಹಾಕಿ ವಾಪಸು ತರಿಸಿಕೊಳ್ಳಬೇಕೇ ಹೊರತು ಇಲ್ಲಿ ಕ್ರೆಡಿಟ್ ಕೇಳೋದಲ್ಲ. ಬ್ಯಾಂಕಿನ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ಗೆ ಇರುತ್ತದೆ, ನಿಮಗೆ ಬೇಕಾದ್ದು ಜನವರಿಯಿಂದ ಡಿಸೆಂಬರ್. ಸ್ಟೇಟ್‌ಮೆಂಟ್ ತೆಗೆದು ಕೂಡಿಸಿಕೊಳ್ಳಿ. ಅಲ್ಲಿನ ಖಾತೆಗಳೆಲ್ಲ ಸೇರಿ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ (ವಿದೇಶಿ ಖಾತೆಗಳ ವರದಿ) ಬೇರೆ.

---

ಇರ್ವಿಂಗ್ ಬಾಡಿಗೆಮನೆ

ಇಬ್ಬರಿಗೂ ಧನ್ಯವಾದ, ತಲೆ ಮೇಲೆ ಕೈ ಹೊತ್ತು ಕೂತಿದ್ದೇನೆ. ಎರಡು ಸಂದೇಹ. ಫೆಡರಲ್‌ನಲ್ಲೇ ಬೇರೆ ಬೇರೆ ಹಾಕಿಬಿಟ್ಟರೆ ಈ 65,000 ತಪ್ಪುತ್ತದಾ? ಇನ್ನೊಂದು, ನಾವು ವೀಸಾ ಮೇಲೆ ಇರುವವರು, ಡೊಮಿಸೈಲ್ ಮೈಸೂರೇ ಅನ್ನಬಹುದಲ್ವಾ?

---

ಖಾತೆ ಕಿರ್ದಿ

ಬೇರೆ ಹಾಕಿದರೆ ತಪ್ಪೋದಿಲ್ಲ. ಅರ್ಧರ್ಧ ಹಂಚಿಕೆ ಬಂದದ್ದು ಆಸ್ತಿ ಕಾನೂನಿನಿಂದ, ಟ್ಯಾಕ್ಸ್ ಸ್ಟೇಟಸ್‌ನಿಂದ ಅಲ್ಲ. ಅವರು ತಮ್ಮ ರಿಟರ್ನ್‌ನಲ್ಲಿ ನಿಮ್ಮ ಅರ್ಧವನ್ನೂ ತೋರಿಸಬೇಕು, ನೀವು ಅವರ ಅರ್ಧಕ್ಕೆ ನಿಮ್ಮದೇ ಒಂದು 540 ಎನ್‌ಆರ್ ಹಾಕಬೇಕು. ಕೂಡಿಸಿದರೆ ಅದೇ ಮೊತ್ತ. ಇದರ ಜೊತೆಗೆ ಫೆಡರಲ್‌ನಲ್ಲಿ ಹಂಚಿಕೆ ತೋರಿಸುವ ಫಾರ್ಮ್ 8958 ಇಬ್ಬರಿಗೂ ಅಂಟಿಕೊಳ್ಳುತ್ತದೆ. ಒಬ್ಬರು ಐಟಮೈಸ್ ಮಾಡಿದರೆ (ಸ್ಟ್ಯಾಂಡರ್ಡ್ ಬದಲು ಖರ್ಚುಗಳನ್ನು ಬಿಡಿಬಿಡಿಯಾಗಿ ಕಳೆದರೆ) ಇನ್ನೊಬ್ಬರೂ ಮಾಡಲೇಬೇಕು. ಸ್ಟೂಡೆಂಟ್ ಲೋನ್ ಬಡ್ಡಿ, ಓದಿನ ಕ್ರೆಡಿಟ್ ಎರಡೂ ಹೋಯ್ತು. ರಾತ್ ಐಆರ್‌ಎಗೆ (ನಿವೃತ್ತಿಯ ಉಳಿತಾಯ ಖಾತೆ) ಹಾಕುವ ಅರ್ಹತೆ ಆದಾಯ 10,000 ಡಾಲರ್ ಮುಟ್ಟುವಷ್ಟರಲ್ಲೇ ಮುಗಿಯುತ್ತದೆ. ವರ್ಷ ಪೂರ್ತಿ ಬೇರೆ ಇದ್ದ ದಂಪತಿಗೆ ಈ ಕೊನೆಯದರಲ್ಲಿ ರಿಯಾಯಿತಿ ಇದೆ, ಆದರೆ ನೀವು ಅವರ ಮನೆಯಲ್ಲೇ ಬಂದು ಉಳಿದಿದ್ದೀರಲ್ಲ, ಅದನ್ನು ನಂಬಿಕೊಳ್ಳೋಕಾಗಲ್ಲ. ನಿಮ್ಮ ಅಂಕಿಗಳಿಗೆ ಜಂಟಿಯೇ ಸರಿ.

ಡೊಮಿಸೈಲ್ ಪ್ರಶ್ನೆ ಒಳ್ಳೆಯದು, ಅಷ್ಟೇ ಜಾರುವ ನೆಲ. ಡೊಮಿಸೈಲ್ ಅಂದರೆ ಕಾಯಂ ಮನೆ, ಎಲ್ಲಿ ಹೋದರೂ ಕೊನೆಗೆ ವಾಪಸು ಬರಬೇಕು ಅಂದುಕೊಂಡಿರುವ ಜಾಗ. ರೆಸಿಡೆನ್ಸ್ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಒಂಬತ್ತು ತಿಂಗಳಿಗಿಂತ ಹೆಚ್ಚು ಇದ್ದರೆ ನಿವಾಸಿ ಎಂದೇ ಹಿಡಿಯುತ್ತಾರೆ, ಅಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಹಾಗಾಗಿ ಮನೆಯವರ ನಿವಾಸದ ವಿಷಯದಲ್ಲಿ ಚರ್ಚೆಯೇ ಇಲ್ಲ, ಡೊಮಿಸೈಲ್ ವಿಷಯದಲ್ಲಿ ಮಾತ್ರ ಇದೆ.

ಊರೇ ಡೊಮಿಸೈಲ್ ಎಂಬ ವಾದಕ್ಕೆ ಕಾಗದದ ಬಲ ಬೇಕು. ಐ-140 (ಕಾಯಂ ವಾಸಕ್ಕಾಗಿ ಕಂಪನಿ ಹಾಕುವ ಅರ್ಜಿ) ಆಗಿ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿದ್ದೀರಿ, ಇಲ್ಲೇ ಮನೆ ನೋಡ್ತಿದ್ದೀರಿ ಅಂದರೆ "ನಾಳೆ ಮೈಸೂರಿಗೆ ಹೊರಟೆವು" ಅನ್ನೋದು ನಿಲ್ಲೋದಿಲ್ಲ. ಬರೀ ಎಚ್-1ಬಿ ಅನ್ನೋದೊಂದೇ ಕಾರಣಕ್ಕೆ ಈ ವಾದ ಹೂಡೋದು ನನಗೆ ಸರಿ ಕಾಣೋದಿಲ್ಲ. ನಿಜವಾಗಿಯೂ ಎರಡು ವರ್ಷದ ಪ್ರಾಜೆಕ್ಟ್, ಊರಲ್ಲಿ ಮನೆ ಹಾಗೇ ಇದೆ ಅನ್ನುವಂಥವರ ಕಥೆ ಬೇರೆ. ಅವರು ಸಿಪಿಎ (ಅಲ್ಲಿನ ಲೆಕ್ಕ ಪರಿಶೋಧಕರು) ಹತ್ತಿರ ಲಿಖಿತ ಅಭಿಪ್ರಾಯ ತೆಗೆದುಕೊಂಡೇ ಮುಂದುವರಿಯಲಿ.

ಇನ್ನೊಂದು ಮಗ್ಗುಲೂ ಇದೆ. ಕ್ಯಾಲಿಫೋರ್ನಿಯಾದಲ್ಲೇ ಇದ್ದು ಕೆಲಸಕ್ಕಾಗಿ ಟೆಕ್ಸಾಸ್‌ಗೆ ಹೋದವರು, ವಾಪಸು ಬರುವ ಉದ್ದೇಶ ಇಟ್ಟುಕೊಂಡಿದ್ದರೆ, ಅವರ ಡೊಮಿಸೈಲ್ ಇನ್ನೂ ಕ್ಯಾಲಿಫೋರ್ನಿಯಾ ಅನ್ನಿಸಿಕೊಳ್ಳಬಹುದು. ಆಗ ಸಂಬಳದ ಅರ್ಧ ಅಲ್ಲ, ಪೂರ್ತಿಯೇ ಹೋದೀತು. ನೀವು ಮೊದಲಿಂದ ಟೆಕ್ಸಾಸ್‌ನವರೇ ಆದರೆ ಅದಕ್ಕೆ ದಾಖಲೆ ಇಟ್ಟುಕೊಳ್ಳಿ: ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸ್, ಗಾಡಿ ರಿಜಿಸ್ಟ್ರೇಷನ್, ನಿಮ್ಮೊಬ್ಬರ ಹೆಸರಿನ ಲೀಸ್, ಡಾಕ್ಟರು, ಬ್ಯಾಂಕ್ ವಿಳಾಸ. ಸನ್ನಿವೇಲ್ ಲೀಸ್‌ನಲ್ಲಿ ನಿಮ್ಮ ಹೆಸರೂ ಇದ್ದರೆ ಅದೊಂದೇ ಕೆಡಿಸೋದಿಲ್ಲ, ಆದರೆ ಉಳಿದದ್ದೆಲ್ಲ ಟೆಕ್ಸಾಸ್ ಕಡೆ ತೂಗಬೇಕು.

ಇಬ್ಬರೂ ಬರೆದು ಸಹಿ ಹಾಕಿ "ಮುಂದಿನ ಸಂಬಳ ಅವರವರದ್ದೇ" ಎಂದು ಒಪ್ಪಂದ ಮಾಡಿಕೊಳ್ಳಲು ಎರಡೂ ರಾಜ್ಯಗಳಲ್ಲಿ ದಾರಿ ಇದೆ. ಅದು ಹಿಂದಿನ ವರ್ಷಕ್ಕೆ ಅನ್ವಯಿಸೋದಿಲ್ಲ, ವಕೀಲರಿಂದಲೇ ಆಗಬೇಕು. ಮುಂದೆ ಸಾವು, ವಿಚ್ಛೇದನ ಏನೇ ಬಂದರೂ ಆ ಕಾಗದವೇ ಮಾತಾಡುತ್ತದೆ. 4,000 ಡಾಲರ್ ಉಳಿಸಲು ಅಷ್ಟು ದೂರ ಹೋಗಬೇಕಾ ಅಂತ ಮನೆಯಲ್ಲಿ ಕೂತು ಮಾತಾಡಿ.

---

ಶೆಡ್ಯೂಲ್ ಸಿಎ

ಸಾಫ್ಟ್‌ವೇರ್‌ನಲ್ಲಿ ಎಡವೋದು ಎಲ್ಲಿ ಅಂತ ಹೇಳಿಬಿಡ್ತೇನೆ.

ವೈಯಕ್ತಿಕ ವಿವರದ ಪುಟದಲ್ಲಿ ಇಬ್ಬರಿಗೂ ನಿವಾಸದ ರಾಜ್ಯ ಬೇರೆ ಬೇರೆ ಕೇಳುತ್ತದೆ. ಅವರಿಗೆ ಕ್ಯಾಲಿಫೋರ್ನಿಯಾ, ನಿಮಗೆ ಟೆಕ್ಸಾಸ್ ಹಾಕಿ. ಇಲ್ಲಿ ಇಬ್ಬರಿಗೂ ಕ್ಯಾಲಿಫೋರ್ನಿಯಾ ಬಿದ್ದರೆ ಅದು 540 ಎನ್‌ಆರ್ ಬಿಟ್ಟು 540 (ಪೂರ್ತಿ ನಿವಾಸಿಗಳ ಫಾರ್ಮ್) ತೆರೆಯುತ್ತದೆ, ಪೂರ್ತಿ 2,93,000ಕ್ಕೆ ತೆರಿಗೆ ಬರುತ್ತದೆ.

ಆಮೇಲೆ 540 ಎನ್‌ಆರ್ ಜೊತೆ ಹೋಗುವ ಶೆಡ್ಯೂಲ್ ಸಿಎ. ಮೊದಲ ಭಾಗದಲ್ಲಿ ಇಬ್ಬರ ಡೊಮಿಸೈಲ್, ನಿವಾಸ, ಕ್ಯಾಲಿಫೋರ್ನಿಯಾದಲ್ಲಿ ಕಳೆದ ದಿನಗಳು. ಗಮನಿಸಿ, ಇಲ್ಲಿ ಕೇಳೋದು ಯಾವುದೇ ಉದ್ದೇಶಕ್ಕೆ ಕಳೆದ ದಿನ. ಲಾಗಿನ್ ಆದ 30 ಬರೆದು ಕೈ ತೊಳೆದುಕೊಂಡರೆ ತಪ್ಪು. ಶನಿವಾರ, ಭಾನುವಾರ, ದೀಪಾವಳಿಗೆ ಬಂದದ್ದು ಎಲ್ಲ ಸೇರಬೇಕು. ವಿಮಾನದ ಟಿಕೆಟ್‌ಗಳನ್ನು ಮುಂದಿಟ್ಟುಕೊಂಡು ಎಣಿಸಿ, ಆ ಹಾಳೆ ಎತ್ತಿಡಿ.

ಎರಡನೇ ಭಾಗದಲ್ಲಿ ಎ ಇಂದ ಇ ತನಕ ಐದು ಕಾಲಂ. ಎ ಅಂದರೆ ಫೆಡರಲ್ ಮೊತ್ತ, ಬಿ ಮತ್ತು ಸಿ ಕಳೆಯೋದು ಕೂಡೋದು, ಡಿ ಅಂದರೆ ಪೂರ್ತಿ ನಿವಾಸಿಯಾಗಿದ್ದರೆ ಎಷ್ಟು, ಇ ಅಂದರೆ ಕ್ಯಾಲಿಫೋರ್ನಿಯಾ ಪಾಲು. ಜಗಳ ಇರೋದು ಇ ಕಾಲಂನಲ್ಲಿ. ಸಾಫ್ಟ್‌ವೇರ್ ತಾನಾಗಿ ಡಬ್ಲ್ಯು-2ನ 16ನೇ ಬಾಕ್ಸ್ ಎತ್ತಿಕೊಂಡು ಅಲ್ಲಿ 1,60,000 ಕೂರಿಸುತ್ತದೆ. ಟೆಕ್ಸಾಸ್, ಕಮ್ಯುನಿಟಿ ಇವೆಲ್ಲ ಅದಕ್ಕೆ ತಿಳಿಯೋದಿಲ್ಲ. ಸಂಬಳದ ಸಾಲಿನಲ್ಲಿ ಇ ಕಾಲಂ 2,33,125, ಬಡ್ಡಿ ಸಾಲಿನಲ್ಲಿ 1,500 ಎಂದು ನೀವೇ ತಿದ್ದಬೇಕು. ಹಂಚಿಕೆಯನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿ, ಡಬ್ಲ್ಯು-2ಗೂ ಇ ಕಾಲಂಗೂ ತಾಳೆ ಆಗದಿರೋದಕ್ಕೆ ಅದೇ ವಿವರಣೆ.

---

ಜೆರ್ಸಿ ಸಿಟಿ ಲೋಕಲ್

ಇದನ್ನು ಓದಿ ಬೇರೆ ರಾಜ್ಯದವರು ಗಾಬರಿಯಾಗಬೇಡಿ, ಎಲ್ಲ ಕಡೆ ಹೀಗಿಲ್ಲ. ಇಬ್ಬರೂ ಕಮ್ಯುನಿಟಿ ಅಲ್ಲದ ರಾಜ್ಯದವರಾದರೆ ಅವರವರ ಸಂಬಳ ಅವರವರದ್ದೇ.

ನ್ಯೂಯಾರ್ಕ್: ಒಬ್ಬರು ನಿವಾಸಿ, ಇನ್ನೊಬ್ಬರು ಅಲ್ಲ ಅಂದರೆ ರಾಜ್ಯಕ್ಕೆ ಬೇರೆ ಬೇರೆಯೇ ಹಾಕಬೇಕು. ಜಂಟಿ ಬೇಕು ಅಂದರೆ ಇಬ್ಬರೂ ನಿವಾಸಿಗಳೆಂದು ಒಪ್ಪಿಕೊಂಡ ಹಾಗೆ. ನ್ಯೂಜೆರ್ಸಿ, ಇಲಿನಾಯ್ ಎರಡರಲ್ಲೂ ಫೆಡರಲ್ ಜಂಟಿ ಇದ್ದರೂ ರಾಜ್ಯಕ್ಕೆ ಬೇರೆ ಹಾಕುವ ಆಯ್ಕೆ ಇದೆ, ಅಲ್ಲೂ ಜಂಟಿ ಅಂದರೆ ಹೊರಗಿನವರನ್ನೂ ನಿವಾಸಿ ಎಂದೇ ಹಿಡಿಯುತ್ತಾರೆ. ಷಿಕಾಗೋದಲ್ಲಿ ಒಬ್ಬರು, ಫ್ಲೋರಿಡಾದಲ್ಲಿ ಒಬ್ಬರು ಅಂದುಕೊಳ್ಳಿ. ಇಲಿನಾಯ್‌ಗೆ ಬೇರೆ ಹಾಕದೆ ಜಂಟಿ ಹಾಕಿದರೆ ಫ್ಲೋರಿಡಾ ಸಂಬಳಕ್ಕೂ 4.95 ಪರ್ಸೆಂಟ್ ಸುಮ್ಮನೆ ಕಟ್ಟಿದ ಹಾಗೆ.

ಹೀಗೆ ಫೆಡರಲ್ ಜಂಟಿ, ರಾಜ್ಯ ಪ್ರತ್ಯೇಕ ಮಾಡುವಾಗ ಒಂದು ಡಮ್ಮಿ ಫೆಡರಲ್ ರಿಟರ್ನ್ ಬೇಕಾಗುತ್ತದೆ. ಡಮ್ಮಿ ಅಂದರೆ ಬೇರೇನಲ್ಲ, ನಿವಾಸಿಯಾದವರೊಬ್ಬರೇ ಪ್ರತ್ಯೇಕವಾಗಿ ಫೆಡರಲ್ ಹಾಕಿದ್ದರೆ ಏನಿರುತ್ತಿತ್ತೋ ಅದರ ಪ್ರತಿ. ಅದರಿಂದ ರಾಜ್ಯದ ಅಂಕಿ ತೆಗೆಯೋದು. ಅಪ್ಪಿತಪ್ಪಿಯೂ ಅದನ್ನು ಇ-ಫೈಲ್ ಮಾಡಬೇಡಿ. ಅದು ಐಆರ್‌ಎಸ್‌ಗೆ (ಫೆಡರಲ್ ತೆರಿಗೆ ಇಲಾಖೆಗೆ) ಮೊದಲು ಹೋಗಿಬಿಟ್ಟರೆ ನಿಮ್ಮ ನಿಜವಾದ ಜಂಟಿ ರಿಟರ್ನ್ ರಿಜೆಕ್ಟ್ ಆಗುತ್ತದೆ, ಆಮೇಲೆ ತಿದ್ದುಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಕಾಯಬೇಕು. ಬೇರೆ ಫೈಲ್ ಹೆಸರಲ್ಲಿ ಸೇವ್ ಮಾಡಿ, ರಾಜ್ಯದ್ದನ್ನು ಇ-ಫೈಲ್‌ಗೆ ಬಿಡದಿದ್ದರೆ ಪ್ರಿಂಟ್ ತೆಗೆದು ಅಂಚೆಗೆ ಹಾಕಿ.

---

ಇರ್ವಿಂಗ್ ಬಾಡಿಗೆಮನೆ

ಅರ್ಥವಾಯ್ತು. ಮನೆಯವಳಿಗೆ ಕ್ಯಾಲಿಫೋರ್ನಿಯಾಕ್ಕೆ ಹಿಡಿದಿರೋದು 10,700 ಚಿಲ್ಲರೆ. ಹಾಗಾದರೆ ನಾಲ್ಕೂವರೆ ಸಾವಿರ ಕಮ್ಮಿ. ದಂಡ ಬೀಳುತ್ತಾ? ರಿಟರ್ನ್‌ನಲ್ಲಿ ಯಾರ ವಿಳಾಸ ಹಾಕಲಿ?

---

ಖಾತೆ ಕಿರ್ದಿ

ಆ ವರ್ಷದ ತೆರಿಗೆಯ 90 ಪರ್ಸೆಂಟ್ ಅಥವಾ ಹಿಂದಿನ ವರ್ಷದ್ದರಷ್ಟು ಮೊದಲೇ ಕಟ್ಟಿದ್ದರೆ ದಂಡ ಇಲ್ಲ. ನಿಮ್ಮ ಆದಾಯ 1,50,000 ದಾಟಿರೋದರಿಂದ ಹಿಂದಿನ ವರ್ಷದ್ದರ 110 ಪರ್ಸೆಂಟ್ ನೋಡಬೇಕು. ನಿಮ್ಮ 10,700 ಈ ವರ್ಷದ 90 ಪರ್ಸೆಂಟ್ ಮುಟ್ಟೋದಿಲ್ಲ. 2024ರ ಕ್ಯಾಲಿಫೋರ್ನಿಯಾ ತೆರಿಗೆ 9,700ರ ಒಳಗಿದ್ದರೆ ಪಾರಾದಿರಿ, ಇಲ್ಲದಿದ್ದರೆ ಫಾರ್ಮ್ 5805ರ ಪ್ರಕಾರ ಬಡ್ಡಿಯಂಥ ದಂಡ. ದೊಡ್ಡದಾಗಿರೋದಿಲ್ಲ. ಆದರೆ 2024ರಲ್ಲೂ ಹೀಗೇ ಬೇರೆ ಇದ್ದು ಬರೀ ಅವರ ಸಂಬಳಕ್ಕಷ್ಟೇ ರಿಟರ್ನ್ ಹಾಕಿದ್ದರೆ, ಮೊದಲು ಅದನ್ನು ತಿದ್ದಿ. ಅವರೇ ನೋಟಿಸು ಕಳಿಸುವ ತನಕ ಕಾದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

2026ಕ್ಕೆ ಸುಲಭದ ದಾರಿ, ಅವರ ಕಂಪನಿಗೆ ಹೊಸ ಡಿಇ-4 (ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂಬ ಫಾರ್ಮ್) ಕೊಟ್ಟು ಪ್ರತಿ ಸಂಬಳಕ್ಕೆ ಹೆಚ್ಚುವರಿ ಹಿಡಿಯಿರಿ ಅನ್ನೋದು. ಎರಡು ವಾರಕ್ಕೊಮ್ಮೆ ಸಂಬಳ ಆದರೆ ವರ್ಷಕ್ಕೆ 26 ಸಲ, ಪ್ರತಿ ಸಲ 180 ಡಾಲರ್ ಅಂದರೆ 4,680. ಕಂತು ಕಟ್ಟುತ್ತೇನೆ ಅಂದರೆ 540-ಇಎಸ್. ಆದರೆ ಫೆಡರಲ್ ಹಾಗೆ ಕಾಲುಕಾಲು ಅಲ್ಲ, ಕ್ಯಾಲಿಫೋರ್ನಿಯಾದ್ದು ಏಪ್ರಿಲ್‌ಗೆ 30, ಜೂನ್‌ಗೆ 40, ಸೆಪ್ಟೆಂಬರ್‌ಗೆ ಸೊನ್ನೆ, ಜನವರಿಗೆ 30 ಪರ್ಸೆಂಟ್.

ಏಪ್ರಿಲ್ 15ರೊಳಗೆ ರಿಟರ್ನ್ ಆಗದಿದ್ದರೆ ಫೆಡರಲ್‌ಗೆ ಗಡುವು ಕೇಳುವ ಫಾರ್ಮ್ 4868 ಹಾಕಿ. ಕ್ಯಾಲಿಫೋರ್ನಿಯಾ ಅಕ್ಟೋಬರ್ ತನಕ ತಾನಾಗಿಯೇ ಗಡುವು ಕೊಡುತ್ತದೆ. ಗಡುವು ಸಿಗೋದು ಕಾಗದಕ್ಕೆ, ದುಡ್ಡಿಗಲ್ಲ. ನಾಲ್ಕೂವರೆ ಸಾವಿರವನ್ನು ಏಪ್ರಿಲ್ 15ರೊಳಗೇ 3519 ವೋಚರ್‌ನಲ್ಲೋ ವೆಬ್‌ಸೈಟಿನಲ್ಲೋ ಕಟ್ಟಿಬಿಡಿ.

ವಿಳಾಸ ಯಾರದ್ದಾದರೂ ಆಗುತ್ತದೆ, ನಿವಾಸ ತೀರ್ಮಾನ ಆಗೋದು ಅದರಿಂದಲ್ಲ. ಇಬ್ಬರಲ್ಲಿ ಅಂಚೆ ಡಬ್ಬಿ ದಿನಾ ತೆಗೆದು ನೋಡುವವರು ಯಾರೋ ಅವರ ಮನೆಯದ್ದು ಹಾಕಿ.